ಎಟ್ನಾ, ಲಾವಾ ಗುಹೆ, ತಾವೋರ್ಮಿನಾ: ಮೂರೂ ಒಂದೇ ದಿನಕ್ಕೆ ಸಾಧ್ಯವೇ?

ಪ್ರಶ್ನೆ: ಅಕ್ಟೋಬರ್ ಎರಡನೇ ವಾರದಲ್ಲಿ ಸಿಸಿಲಿಗೆ ಹೊರಟಿದ್ದೇವೆ. ಕಟಾನಿಯಾದಲ್ಲಿ ನಾಲ್ಕು ರಾತ್ರಿ ವಾಸ. ನಾನು, ಹೆಂಡತಿ, ಹತ್ತು ವರ್ಷದ ಮಗ, ಅರವತ್ತಾರು ವರ್ಷದ ಅಮ್ಮ. ಗೈಡ್ ಜೊತೆ ಒಂದೇ ದಿನದಲ್ಲಿ ಎಟ್ನಾ ಜ್ವಾಲಾಮುಖಿ, ಲಾವಾ ಗುಹೆ, ತಾವೋರ್ಮಿನಾದ ಪ್ರಾಚೀನ ರಂಗಮಂದಿರ ಮೂರನ್ನೂ ತೋರಿಸುವ ಪ್ರವಾಸವೊಂದನ್ನು ನೋಡಿಟ್ಟಿದ್ದೇವೆ. ಆದರೆ 2025ರ ಜೂನ್‌ನಲ್ಲಿ ಬೂದಿ ಮೋಡದ ಮುಂದೆ ಪ್ರವಾಸಿಗರು ಓಡುತ್ತಿದ್ದ ವಿಡಿಯೊ ನೋಡಿದಾಗಿನಿಂದ ಹೆಂಡತಿ 'ಬೇಡವೇ ಬೇಡ' ಎನ್ನುತ್ತಿದ್ದಾಳೆ. ಅಮ್ಮನಿಗೆ ಮೊಣಕಾಲು ನೋವು, ಚಳಿಗೆ ಉಬ್ಬಸ ಬರುತ್ತದೆ, ಇನ್ಹೇಲರ್ ಬಳಸುತ್ತಾರೆ. ಇಕ್ಕಟ್ಟಾದ ಜಾಗವೆಂದರೆ ನನಗೇ ಸ್ವಲ್ಪ ದಿಗಿಲು. ಮಗನಿಗೆ ಹರಿಯುವ ಲಾವಾ ನೋಡಲೇಬೇಕಂತೆ. ಹೋಗುವುದು ಸುರಕ್ಷಿತವೇ? ಒಂದು ದಿನ ಸಾಕೇ? ಏನೇನು ಒಯ್ಯಬೇಕು?

ಉತ್ತರ: ನಿಮ್ಮ ಮನೆಯ ನಾಲ್ವರಿಗೂ ಬೇರೆ ಬೇರೆ ಚಿಂತೆ. ಆದರೆ ಎಲ್ಲದಕ್ಕೂ ಉತ್ತರ ಒಂದೇ ಅಂಕಿಯ ಮೇಲೆ ನಿಂತಿದೆ: ಈ ಪ್ರವಾಸ ನಿಮ್ಮನ್ನು ಎಷ್ಟು ಮೀಟರ್ ಎತ್ತರಕ್ಕೆ ಒಯ್ಯುತ್ತದೆ? ಜಾಹೀರಾತಿನಲ್ಲಿ ಈ ಅಂಕಿ ಬಹಳಷ್ಟು ಸಲ ಕಾಣುವುದೇ ಇಲ್ಲ. 'ಎಟ್ನಾ ಟೂರ್' ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ದಿನಗಳು ಮಾರಾಟಕ್ಕಿವೆ. ಮೊದಲನೆಯದು ಬೆಟ್ಟದ ದಕ್ಷಿಣ ಮಗ್ಗುಲಲ್ಲಿ ಸುಮಾರು 1,900 ಮೀಟರ್ ಎತ್ತರದ ರಿಫುಜಿಯೊ ಸಪಿಯೆನ್ಸಾ ಎಂಬ ತಂಗುದಾಣದ ತನಕ ವಾಹನದಲ್ಲೇ ಹೋಗಿ, ಪಕ್ಕದ ಸಿಲ್ವೆಸ್ತ್ರಿ ಕುಳಿಗಳನ್ನು ನೋಡಿ ಇಳಿಯುವುದು. ಎರಡನೆಯದು ಅಲ್ಲಿಂದ ಕೇಬಲ್ ಕಾರ್ ಹತ್ತಿ ಸುಮಾರು 2,500 ಮೀಟರ್ ತಲುಪುವುದು. ಮೂರನೆಯದು ಅದಕ್ಕೂ ಮೇಲೆ, ದೊಡ್ಡ ಚಕ್ರದ ಬಸ್ಸಿನಲ್ಲೋ ನಡೆದೋ 2,900 ಮೀಟರ್ ಆಸುಪಾಸಿಗೆ ಹೋಗುವುದು. ಬೆಟ್ಟದ ತುದಿ ಇನ್ನೂ ಮೇಲಿದೆ. 2024ರ ಬೇಸಿಗೆಯ ಸ್ಫೋಟಗಳಲ್ಲಿ ವೊರಾಜಿನೆ ಎಂಬ ಶಿಖರ ಕುಳಿ ಬೆಳೆದು 3,369 ಮೀಟರ್ ಮುಟ್ಟಿತು. ಸುಡುವ ಕಸುಬೆಲ್ಲ ಹೆಚ್ಚಾಗಿ ನಡೆಯುವುದು ಶಿಖರದ ಇಂಥ ಕುಳಿಗಳಲ್ಲೇ.

ಮೊದಲು ನಿಮ್ಮ ಮನೆಯವರ ಭಯ. ಆ ವಿಡಿಯೊ ಸುಳ್ಳಲ್ಲ. 2025ರ ಜೂನ್ 2ರಂದು ಆಗ್ನೇಯ ಕುಳಿಯ ಒಂದು ಪಾರ್ಶ್ವ ಕುಸಿದು, ಬಿಸಿ ಅನಿಲ, ಬೂದಿ, ಕಲ್ಲು ಬೆರೆತ ಮೋಡ ಇಳಿಜಾರಿನಲ್ಲಿ ಉರುಳಿತು. ಬಿಸಿ ರಾಶಿ ಶಿಖರದ ಬಳಿಯ ಕಣಿವೆಯೊಳಗೇ ನಿಂತಿತು, ಜೀವಹಾನಿ ಆಗಲಿಲ್ಲ. ಓಡಿದವರು ಇದ್ದದ್ದು ಎತ್ತರದ ಇಳಿಜಾರುಗಳಲ್ಲಿ. ಶಿಖರದಿಂದ ಐದಾರು ಕಿಲೋಮೀಟರ್ ದೂರದ ಸಪಿಯೆನ್ಸಾದಲ್ಲಿ ಕಾಫಿ ಕುಡಿಯುವವರಿಗೂ ಕುಳಿಯ ಅಂಚಿಗೆ ಹೋದವರಿಗೂ ಇರುವ ಅಪಾಯ ಒಂದೇ ಅಲ್ಲ. ಹಳೆಯ ದುರಂತಗಳೂ ಇದನ್ನೇ ಹೇಳುತ್ತವೆ. 1979ರ ಸೆಪ್ಟೆಂಬರ್‌ನಲ್ಲಿ ಬೊಕ್ಕಾ ನುವೊವಾ ಕುಳಿಯ ದಿಢೀರ್ ಸ್ಫೋಟಕ್ಕೆ ಒಂಬತ್ತು ಪ್ರವಾಸಿಗರು ಸತ್ತರು. 1987ರಲ್ಲಿ ಮತ್ತಿಬ್ಬರು. ಎರಡೂ ಶಿಖರದ ಬಳಿಯೇ.

'ಎಟ್ನಾದ ಲಾವಾ ನಿಧಾನ, ನಡೆದೇ ತಪ್ಪಿಸಿಕೊಳ್ಳಬಹುದು' ಎಂಬ ಇನ್ನೊಂದು ಮಾತನ್ನೂ ಕೇಳಿರುತ್ತೀರಿ. ಲಾವಾ ಪ್ರವಾಹದ ಮುಂತುದಿಯ ಮಟ್ಟಿಗೆ ಅದು ನಿಜ. ಆದರೆ ಲಾವಾ ನೀರನ್ನೋ ಹಿಮವನ್ನೋ ಮುಟ್ಟಿದರೆ ಆ ನೀರು ಕ್ಷಣದಲ್ಲಿ ಹಬೆಯಾಗಿ ಸಿಡಿಯುತ್ತದೆ. 2017ರ ಮಾರ್ಚ್‌ನಲ್ಲಿ ನಿಧಾನವಾಗಿ ಹರಿಯುತ್ತಿದ್ದ ಲಾವಾ ಹಿಮದ ಮೇಲೆ ಸಿಡಿದು ಅದನ್ನು ನೋಡುತ್ತಿದ್ದ ಸುಮಾರು ಹತ್ತು ಮಂದಿ ಗಾಯಗೊಂಡರು. 1843ರಲ್ಲಿ ಬ್ರೋಂತೆ ಊರಿನ ಬಳಿ ಇದೇ ಬಗೆಯ ಸಿಡಿತಕ್ಕೆ ಐವತ್ತಕ್ಕೂ ಹೆಚ್ಚು ಜನ ಬಲಿಯಾಗಿದ್ದರು. ಗೈಡ್ 'ಇಷ್ಟೇ ಹತ್ತಿರ, ಇದಕ್ಕಿಂತ ಬೇಡ' ಎಂದಾಗ ಫೋಟೊಕ್ಕಾಗಿ ಹಟ ಮಾಡಬಾರದ್ದು ಇದಕ್ಕೇ.

ಸುದ್ದಿಯಲ್ಲಿ 'ರೆಡ್ ಅಲರ್ಟ್' ಎಂದು ಬರುವುದರ ಬಗ್ಗೆಯೂ ಒಂದು ಮಾತು. ಇಟಲಿಯ ಭೂಭೌತ ಮತ್ತು ಜ್ವಾಲಾಮುಖಿ ಸಂಸ್ಥೆ ಐಎನ್‌ಜಿವಿಯ ಕಟಾನಿಯಾ ವೀಕ್ಷಣಾಲಯ ಹೊರಡಿಸುವ ಕೆಂಪು ಸೂಚನೆ ಬಹುತೇಕ ವಿಮಾನಗಳಿಗೆ ಸಂಬಂಧಿಸಿದ್ದು: ಆಕಾಶದಲ್ಲಿ ಬೂದಿ ಇದೆ ಎಂಬ ಅರ್ಥ. ಕೆಳಗಿನ ಹಾದಿಗಳು ಅದೇ ದಿನ ತೆರೆದಿರಲೂಬಹುದು. ಬೆಟ್ಟದ ಅಪಾಯದ ಮಟ್ಟವನ್ನು ಇಟಲಿಯ ನಾಗರಿಕ ರಕ್ಷಣಾ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ಬೇರೆಯಾಗಿಯೇ ಹೇಳುತ್ತದೆ. ಯಾವ ಎತ್ತರದವರೆಗೆ ಒಂಟಿಯಾಗಿ ಹೋಗಬಹುದು, ಎಲ್ಲಿಂದಾಚೆ ಗೈಡ್ ಕಡ್ಡಾಯ, ಎಲ್ಲಿ ಯಾರಿಗೂ ಪ್ರವೇಶವಿಲ್ಲ ಎಂಬುದನ್ನು ಸುತ್ತಲಿನ ಊರುಗಳ ಮೇಯರ್‌ಗಳ ಆದೇಶ ತೀರ್ಮಾನಿಸುತ್ತದೆ. ಅದು ವಾರದೊಳಗೆ ಬದಲಾದೀತು. ಇವತ್ತು ಓದಿದ ಮಿತಿಯನ್ನು ಅಕ್ಟೋಬರ್‌ಗೆ ನಂಬಿಕೊಳ್ಳಬೇಡಿ. ಹಿಂದಿನ ದಿನ ಸಂಜೆ ಗೈಡ್‌ಗೆ ಕೇಳಿ.

ಮಗನ ಆಸೆಗೆ ಈಗಲೇ ಸ್ವಲ್ಪ ತಣ್ಣೀರು ಹಾಕಿಡಿ. ಹರಿಯುವ ಲಾವಾ ಕಾಣುವುದು ಸ್ಫೋಟ ನಡೆಯುತ್ತಿರುವಾಗ ಮಾತ್ರ, ಅದೂ ಬಹುಪಾಲು ಕತ್ತಲಾದ ಮೇಲೆ, ದೂರದಿಂದ. ಮಾಮೂಲಿ ದಿನ ಕಾಣುವುದು ಕುಳಿಗಳಿಂದೇಳುವ ಬಿಳಿ ಅನಿಲ, ಕಪ್ಪು ಬೂದಿ, ಗಟ್ಟಿಯಾದ ಲಾವಾ. ಅವನಿಗೆ ಸಮಾಧಾನ ಕೊಡುವ ಜಾಗ 2,900 ಮೀಟರ್‌ನ ಬಾರ್ಬಗಾಲ್ಲೊ ಕುಳಿಗಳು. 2002ರ ಸ್ಫೋಟದಲ್ಲಿ ಹುಟ್ಟಿದವು ಇವು. ಗೈಡ್‌ಗಳು ಕೆಲವೆಡೆ ಬೂದಿ ಕೆದಕಿ ಬೆಚ್ಚಗಿನ ನೆಲವನ್ನು ಕೈಯಿಂದ ಮುಟ್ಟಿಸುತ್ತಾರೆ. ಕಲ್ಲು ಜೇಬಿಗೆ ಹಾಕಿಕೊಳ್ಳಲು ಬಿಡಬೇಡಿ, ಎಟ್ನಾ ಉದ್ಯಾನದಿಂದ ಕಲ್ಲು ಒಯ್ಯುವಂತಿಲ್ಲ.

ಅಮ್ಮನ ವಿಷಯದಲ್ಲಿ ಸ್ಫೋಟಕ್ಕಿಂತ ಗಾಳಿ ಮುಖ್ಯ. 2,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು, 2,900ರಲ್ಲಿ ನೂರಕ್ಕೆ ಎಪ್ಪತ್ತರಷ್ಟು. ಪರ್ವತ ಕಾಯಿಲೆಯ ಹೆದರಿಕೆ ಬೇಡ. ಅದು ಸಾಮಾನ್ಯವಾಗಿ ಎತ್ತರದಲ್ಲಿ ಆರೆಂಟು ತಾಸು ಕಳೆದ ಮೇಲೆ ಕಾಣಿಸಿಕೊಳ್ಳುವಂಥದು, ನೀವು ಅಷ್ಟರಲ್ಲಿ ಇಳಿದಿರುತ್ತೀರಿ. ಆಕ್ಸಿಜನ್ ಡಬ್ಬಿ ಕೊಳ್ಳುವುದೂ ದಂಡ. ಆದರೆ ಏರು ಹತ್ತುವಾಗ ಏದುಸಿರು ಎಲ್ಲರಿಗೂ ಬರುತ್ತದೆ, ಜೊತೆಗೆ ಕುಳಿಗಳಿಂದ ಸಲ್ಫರ್ ಡೈಆಕ್ಸೈಡ್ ಬರುತ್ತದೆ. ಉಬ್ಬಸ ಇರುವವರಿಗೆ ಈ ಅನಿಲ ಅಲ್ಪ ಪ್ರಮಾಣದಲ್ಲೂ ಶ್ವಾಸನಾಳ ಬಿಗಿಸುತ್ತದೆ. ಎನ್95 ಮಾಸ್ಕ್ ಇದ್ದರೆ ಸಾಕೆಂದು ಹಲವರು ಭಾವಿಸುತ್ತಾರೆ. ಮಾಸ್ಕ್ ತಡೆಯುವುದು ಬೂದಿಯ ಕಣವನ್ನು, ಅನಿಲವನ್ನಲ್ಲ. ಒದ್ದೆ ಕರವಸ್ತ್ರವೂ ಅಷ್ಟೆ. ಗಾಳಿ ಅನಿಲವನ್ನು ಒಯ್ಯುವ ದಿಕ್ಕಿನಿಂದ ದೂರ ಸರಿಯುವುದೊಂದೇ ದಾರಿ, ಅದು ಬೆಟ್ಟ ಬಲ್ಲ ಗೈಡ್‌ನ ಕೆಲಸ. ಇನ್ಹೇಲರ್ ಬ್ಯಾಗಿನ ತಳದಲ್ಲಿ ಬೇಡ, ಜಾಕೆಟ್ಟಿನ ಒಳಜೇಬಿನಲ್ಲಿರಲಿ. ತಣ್ಣಗಾದ ಡಬ್ಬಿ ಸರಿಯಾಗಿ ಚಿಮ್ಮುವುದಿಲ್ಲ. ಹತ್ತುವ ಮುಂಚೆಯೇ ಒಂದು ಸಲ ಎಳೆದುಕೊಳ್ಳಬೇಕೇ ಎಂಬುದನ್ನು ಹೊರಡುವ ಮೊದಲು ಅವರ ವೈದ್ಯರಲ್ಲಿ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಚಳಿಗೆ ಉಬ್ಬಸ ಬರುವವರಿಗೆ 2,900 ಮೀಟರ್ ಬೇಡ. 1,900 ಧಾರಾಳವಾಗಿ ಆಗುತ್ತದೆ. 2,500ಕ್ಕೆ ಹೋಗುವುದನ್ನು ಅಂದಿನ ಗಾಳಿ ನೋಡಿ ನಿರ್ಧರಿಸಿ.

ಚಳಿಯ ಲೆಕ್ಕ ಸುಲಭ. ಪ್ರತಿ ಸಾವಿರ ಮೀಟರ್‌ಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕಟಾನಿಯಾದಲ್ಲಿ 23 ಡಿಗ್ರಿ ಇದ್ದರೆ ಸಪಿಯೆನ್ಸಾದಲ್ಲಿ 11, ಮೇಲೆ ನಾಲ್ಕೋ ಐದೋ. ಅದರ ಮೇಲೆ ಗಾಳಿ. ಬೆಳಿಗ್ಗೆ ಕಡಲತೀರದ ಬಿಸಿಲಲ್ಲಿ ಅರ್ಧ ತೋಳಿನ ಅಂಗಿಯಲ್ಲೇ ವ್ಯಾನ್ ಹತ್ತುವವರೇ ಮಧ್ಯಾಹ್ನ ನಡುಗುತ್ತಾ ಕೂರುವವರು.

ಮೊಣಕಾಲಿಗೆ ಏರಿಗಿಂತ ಇಳಿತ ಕಷ್ಟ. ಎಟ್ನಾದ ಬೂದಿ ಹಾದಿಯಲ್ಲಿ ಪ್ರತಿ ಹೆಜ್ಜೆಗೂ ಕಾಲು ಒಂದು ಗೇಣು ಹೂತು ಜಾರುತ್ತದೆ. ಯುವಕರಿಗೆ ಅದು ಆಟ, ಸವೆದ ಮೊಣಕಾಲಿಗೆ ಹಿಂಸೆ. ಕೆಲವು ಪ್ರವಾಸಗಳಲ್ಲಿ ಮೇಲೆ ಹೋಗುವುದು ವಾಹನದಲ್ಲಿ, ಇಳಿಯುವುದು ನಡೆದು. 'ಎಷ್ಟು ಏರಬೇಕು' ಎಂದಷ್ಟೇ ಕೇಳಿ ಸುಮ್ಮನಾಗಬೇಡಿ, 'ಎಷ್ಟು ಮೀಟರ್ ಕಾಲ್ನಡಿಗೆಯಲ್ಲಿ ಇಳಿಯಬೇಕು' ಎಂದೂ ಕೇಳಿ.

ಇನ್ನು ಗುಹೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಒಳಗೆ ಏನಿರುತ್ತದೆಂದು ತಿಳಿಯದೆ ಹೋದವರಿಗೇ ದಿಗಿಲು ಹೆಚ್ಚು. ಸುಣ್ಣಕಲ್ಲಿನ ಗುಹೆಯನ್ನು ನೀರು ಲಕ್ಷಾಂತರ ವರ್ಷ ಕೊರೆದು ಮಾಡುತ್ತದೆ. ಲಾವಾ ಗುಹೆ ಒಂದೇ ಸ್ಫೋಟದ ಅವಧಿಯಲ್ಲಿ ಆಗಿಬಿಡುತ್ತದೆ. ಸಾವಿರ ಡಿಗ್ರಿ ಮೀರಿದ ಲಾವಾ ಕಾಲುವೆಯಂತೆ ಹರಿಯುವಾಗ ಅದರ ಮೇಲ್ಮೈ ಗಾಳಿಗೆ ತಣಿದು, ಕಾಯಿಸಿಟ್ಟ ಹಾಲಿಗೆ ಕೆನೆ ಕಟ್ಟಿದ ಹಾಗೆ ಗಟ್ಟಿಯಾಗುತ್ತದೆ. ಈ ಹೊದಿಕೆ ಶಾಖವನ್ನು ಹೊರಬಿಡದ ಕಾರಣ ಒಳಗಿನ ಲಾವಾ ತಣಿಯದೆ ಕಿಲೋಮೀಟರ್‌ಗಟ್ಟಲೆ ಹರಿಯುತ್ತದೆ. ಮೇಲಿನಿಂದ ಬರುವುದು ನಿಂತಾಗ ಉಳಿದದ್ದು ಇಳಿಜಾರಿಗೆ ಹರಿದುಹೋಗಿ ಕೊಳವೆ ಬರಿದಾಗುತ್ತದೆ. ಗೋಡೆಗಳಲ್ಲಿ ಉದ್ದಕ್ಕೂ ಕಾಣುವ ಜಗಲಿಯಂಥ ಗೆರೆಗಳು ಲಾವಾ ಯಾವ ಯಾವ ಮಟ್ಟದಲ್ಲಿ ನಿಂತು ಇಳಿಯಿತು ಎಂಬುದರ ಗುರುತು. ಚಾವಣಿ ಬಿಸಿಗೆ ಮತ್ತೆ ಕರಗಿ ತೊಟ್ಟಿಕ್ಕಿದ ಕಡೆ ಬೆರಳುದ್ದದ ಕಲ್ಲಿನ ಹನಿಗಳು ನೇತಾಡುತ್ತವೆ. ಎಟ್ನಾದಲ್ಲಿ ಪಟ್ಟಿಯಾದ ಗುಹೆಗಳೇ ಇನ್ನೂರಕ್ಕೂ ಹೆಚ್ಚು. ದಕ್ಷಿಣ ಮಗ್ಗುಲಿನ 'ಗ್ರೋತಾ ದೇಯಿ ತ್ರೆ ಲಿವೆಲ್ಲಿ' ಒಂದರ ಮೇಲೊಂದು ಮೂರು ಅಂತಸ್ತಿನ ಗುಹೆ, 1792ರ ಸ್ಫೋಟದ್ದು. ಉತ್ತರದಲ್ಲಿ 2,000 ಮೀಟರ್ ಎತ್ತರದ 'ಗ್ರೋತಾ ದೆಲ್ ಜೆಲೊ', 1614ರಿಂದ 1624ರವರೆಗೆ ಹತ್ತು ವರ್ಷ ನಡೆದ ಸ್ಫೋಟದ ಕೂಸು, ಒಳಗೆ ಮಂಜುಗಡ್ಡೆ ಇಟ್ಟುಕೊಂಡಿರುತ್ತದೆ. ಅದಕ್ಕೆ ಇಡೀ ದಿನದ ನಡಿಗೆ ಬೇಕು, ನಿಮ್ಮ ಯೋಜನೆಗೆ ಸೇರದು.

'ಗುಹೆಯೊಳಗಿರುವಾಗ ಲಾವಾ ನುಗ್ಗಿದರೆ?' ನುಗ್ಗುವುದಿಲ್ಲ. ನೂರಾರು ವರ್ಷ ಹಿಂದೆ ಖಾಲಿಯಾದ ಕೊಳವೆ ಅದು, ಇಂದಿನ ಕುಳಿಗಳಿಗೂ ಅದಕ್ಕೂ ಸಂಪರ್ಕವಿಲ್ಲ. ಬೆಟ್ಟದ ಪಕ್ಕೆ ಒಡೆದು ಲಾವಾ ಹೊರಬರುವ ಸ್ಫೋಟಗಳಿಗೆ ಮುಂಚೆ ಸಾಮಾನ್ಯವಾಗಿ ಸಣ್ಣ ಕಂಪನಗಳ ಸರಮಾಲೆ, ನೆಲ ಉಬ್ಬುವಿಕೆ ಉಪಕರಣಗಳಿಗೆ ಸಿಗುತ್ತವೆ. ಹಾಗೆ ನೆಲ ನಡುಗುತ್ತಿರುವ ದಿನ ಒಳ್ಳೆಯ ಗೈಡ್ ಗುಹೆಗೆ ಇಳಿಸುವುದೇ ಇಲ್ಲ. ಆಗ ಹೆದರಬೇಕಾದ್ದು ಚಾವಣಿಯ ಸಡಿಲ ಕಲ್ಲಿಗೆ.

ನಿಜವಾಗಿ ಪೆಟ್ಟಾಗುವುದು ಬಾಗಿಲಲ್ಲೇ. ಗುಹೆಯ ಬಾಗಿಲೆಂದರೆ ಬಹುಮಟ್ಟಿಗೆ ಚಾವಣಿ ಕುಸಿದು ತೆರೆದುಕೊಂಡ ತೂತು. ಹಾಗಾಗಿ ಕೆಳಗೆ ಬಿದ್ದ ಬಂಡೆಗಳ ರಾಶಿಯ ಮೇಲೆಯೇ ಇಳಿಯಬೇಕು. ಬಿಸಿಲಿನಿಂದ ಕತ್ತಲಿಗೆ ಬಂದ ಕಣ್ಣು ಇನ್ನೂ ಹೊಂದಿಕೊಂಡಿರುವುದಿಲ್ಲ, ಕಾಲಡಿಯ ಕಲ್ಲು ಅಲುಗುತ್ತದೆ, ಪಾದ ಉಳುಕುತ್ತದೆ. ಬಾಗಿಲಲ್ಲಿ ಒಂದೆರಡು ನಿಮಿಷ ನಿಂತು ಆಮೇಲೆ ಇಳಿಯಿರಿ. ಎರಡನೇ ಪೆಟ್ಟು ತಲೆಗೆ: ಚಾವಣಿ ಎರಡಾಳು ಎತ್ತರ ಇದ್ದದ್ದು ಇದ್ದಕ್ಕಿದ್ದಂತೆ ಎದೆಮಟ್ಟಕ್ಕೆ ಬರುತ್ತದೆ. ಹೆಲ್ಮೆಟ್ಟಿನ ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿರಲಿ, ಮಗನಿಗೆ ಅವನ ಅಳತೆಯದೇ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ದೊಡ್ಡವರ ಹೆಲ್ಮೆಟ್ ಮಕ್ಕಳ ಕಣ್ಣಿನ ಮೇಲೆ ಜಾರಿ ಇನ್ನಷ್ಟು ತೊಂದರೆ. ಮೂರನೆಯದು ಅಂಗೈ. ಲಾವಾ ಕಲ್ಲು ಗಾಜಿನ ಚೂರಿನಷ್ಟೇ ಹರಿತ, ತೆಳುವಾದ ಕೈಗವಸು ಸಾಕು ಅದನ್ನು ತಪ್ಪಿಸಲು. ದೀಪ ತಲೆಗೆ ಕಟ್ಟಿಕೊಳ್ಳುವಂಥದೇ ಆಗಬೇಕು, ಮೊಬೈಲ್ ಟಾರ್ಚ್ ಒಂದು ಕೈಯನ್ನು ಕಟ್ಟಿಹಾಕುತ್ತದೆ. ಚಳಿಗಾಲ ಸಮೀಪಿಸಿದಾಗ ಬಾವಲಿಗಳು ಒಳಗೆ ಮಲಗಿರುತ್ತವೆ, ಅವುಗಳತ್ತ ಬೆಳಕು ಬಿಡಬೇಡಿ.

ನಿಮ್ಮ ದಿಗಿಲಿನ ಮಾತು. ದಿನದ ಪ್ರವಾಸಗಳಲ್ಲಿ ತೋರಿಸುವ ಗುಹೆಗಳಲ್ಲಿ ಹೆಚ್ಚಿನವು ನಿಂತು ಅಥವಾ ಸ್ವಲ್ಪ ಬಾಗಿ ನಡೆಯುವಂಥವು, ಒಳಗಿರುವುದು ಇಪ್ಪತ್ತು ಮೂವತ್ತು ನಿಮಿಷ. ಆದರೂ 'ತೆವಳುವ ಜಾಗ ಇದೆಯೇ, ಹೋದ ದಾರಿಯಲ್ಲೇ ಹೊರಬರುತ್ತೇವೆಯೇ' ಎಂದು ಕೇಳಿ. ಹೋದ ದಾರಿಯಲ್ಲೇ ವಾಪಸಾಗುವ ಗುಹೆಯಾದರೆ ಸಾಲಿನ ಕೊನೆಯಲ್ಲಿ ನಿಲ್ಲಿ, ಸಾಕೆನಿಸಿದ ಕಡೆಯಿಂದ ಹಿಂದಿರುಗಲು ನಿಮ್ಮ ಬೆನ್ನ ಹಿಂದೆ ಯಾರೂ ಇರುವುದಿಲ್ಲ. ಗೈಡ್‌ಗೆ ಹೇಳಿಯೇ ಹಿಂದಿರುಗಿ. ಎಲ್ಲ ದೀಪ ಆರಿಸಿ ಪೂರ್ಣ ಕತ್ತಲನ್ನು ತೋರಿಸುವ ರೂಢಿ ಬಹಳ ಗೈಡ್‌ಗಳಿಗಿದೆ. ಬೇಡವೆಂದರೆ ಮುಂಚಿತವಾಗಿ ತಿಳಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಅಮ್ಮ ಗುಹೆಗೆ ಇಳಿಯುವುದು ಬೇಡ. ಆದರೆ ಅವರು ಹೊರಗೆ ಒಬ್ಬರೇ ಕಲ್ಲಿನ ಮೇಲೆ ಕೂತು ಕಾಯುವಂತಾಗಬಾರದು. ಡ್ರೈವರ್ ಬೇರೆ, ಗೈಡ್ ಬೇರೆ ಇರುವ ಪ್ರವಾಸವಾದರೆ ವ್ಯಾನಿನಲ್ಲಿ ಕೂರಬಹುದು.

ಪ್ರಾಚೀನ ಅವಶೇಷಗಳ ವಿಚಾರಕ್ಕೆ ಬಂದರೆ, ತಾವೋರ್ಮಿನಾದ ರಂಗಮಂದಿರ ಹೆಸರಿಗೆ ತಕ್ಕದ್ದೇ. ಗ್ರೀಕರು ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಶುರುಮಾಡಿದ್ದನ್ನು ರೋಮನ್ನರು ಇಟ್ಟಿಗೆಯಲ್ಲಿ ಮತ್ತೆ ಕಟ್ಟಿದರು, ಆಮೇಲೆ ಕಾಳಗಗಳಿಗೂ ಬಳಸಿದರು. ರಂಗದ ಹಿಂಗೋಡೆ ಒಡೆದ ಜಾಗದಲ್ಲಿ ಎಟ್ನಾ ಕಾಣುತ್ತದೆ. ತೊಂದರೆ ಎರಡು. ಆಸನಗಳಿಗೆ ಮೆಟ್ಟಿಲು ಬಹಳ, ವಾಹನವೂ ಬಾಗಿಲ ತನಕ ಬರುವುದಿಲ್ಲ. ಅಕ್ಟೋಬರ್‌ನಲ್ಲಿ ಬಾಗಿಲು ಸೂರ್ಯಾಸ್ತಕ್ಕೂ ಮುಂಚೆ ಹಾಕುತ್ತಾರೆ. ಬೆಟ್ಟದಿಂದ ತಡವಾಗಿ ಇಳಿದರೆ ತಾವೋರ್ಮಿನಾದ ಅಂಗಡಿ ಬೀದಿಯನ್ನಷ್ಟೇ ನೋಡಿ ಬರಬೇಕಾದೀತು. ಈ ಬಗೆಯ ಪ್ರವಾಸದ ಬಗ್ಗೆ ಬರುವ ದೂರುಗಳಲ್ಲಿ ಇದು ಮುಖ್ಯ. ಅಮ್ಮನಿಗೆ ಇದಕ್ಕಿಂತ ಹಿತವಾದದ್ದು ಕೆಳಗೆ ಕಡಲ ಪಕ್ಕದ ಜಾರ್ದೀನಿ ನಾಕ್ಸೋಸ್. ಸಿಸಿಲಿಯಲ್ಲಿ ಗ್ರೀಕರು ನೆಲೆಯೂರಿದ ಮೊದಲ ಊರು, ಕ್ರಿಸ್ತಪೂರ್ವ 734ರದೆಂದು ಸಂಪ್ರದಾಯ ಹೇಳುತ್ತದೆ. ಕ್ರಿಸ್ತಪೂರ್ವ 403ರಲ್ಲಿ ಸಿರಾಕ್ಯೂಸಿನ ದೊರೆ ಡಯೊನೀಸಿಯಸ್ ಅದನ್ನು ನೆಲಸಮ ಮಾಡಿದ. ಹೆಚ್ಚುಕಮ್ಮಿ ಸಮತಟ್ಟು ನೆಲ, ಜನ ಕಡಿಮೆ. ಎಟ್ನಾ ಚಾಚಿದ ಲಾವಾ ನಾಲಗೆಯ ಮೇಲೆಯೇ ಊರಿತ್ತು, ಕೋಟೆ ಗೋಡೆಗೂ ಅದೇ ಕಪ್ಪು ಕಲ್ಲು. ಬೆಳಿಗ್ಗೆ ಗುಹೆಯಲ್ಲಿ ಕಂಡ ಕಲ್ಲು ಸಂಜೆ ಇಲ್ಲಿ ಗೋಡೆಯಾಗಿ ಎದುರಾಗುತ್ತದೆ. ಕಟಾನಿಯಾದೊಳಗೇ ಇರುವ ರೋಮನ್ ರಂಗಮಂದಿರದಲ್ಲೂ ಕಪ್ಪು ಲಾವಾ ಕಲ್ಲಿನದೇ ಕೆಲಸ. ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದ ಉರ್ಸಿನೊ ಕೋಟೆಯನ್ನು 1669ರ ಲಾವಾ ಸುತ್ತುವರಿದಿತ್ತು. ಒಂದು ಕಾಲಕ್ಕೆ ಕಡಲಂಚಿನಲ್ಲಿದ್ದ ಕೋಟೆ ಈಗ ಊರೊಳಗಿದೆ.

ಹಾಗಾದರೆ ಏನು ಮಾಡುವುದು? ಮೂರನ್ನೂ ಒಂದೇ ದಿನಕ್ಕೆ ತುಂಬಬೇಕೆಂದರೆ ಎತ್ತರವನ್ನು 1,900ಕ್ಕೆ ನಿಲ್ಲಿಸಿ: ಬೆಳಿಗ್ಗೆ ಸಿಲ್ವೆಸ್ತ್ರಿ ಕುಳಿ, ಆಮೇಲೆ ಗುಹೆ, ಮಧ್ಯಾಹ್ನ ಅವಶೇಷ. ಸಪಿಯೆನ್ಸಾದಿಂದ ತಾವೋರ್ಮಿನಾಕ್ಕೆ ತಿರುವುಗಳ ರಸ್ತೆಯಲ್ಲಿ ಒಂದೂಕಾಲು ಗಂಟೆಯಾದರೂ ಬೇಕು, ಹತ್ತು ವರ್ಷದ ಮಗುವಿಗೆ ವಾಂತಿ ಮಾತ್ರೆ ಮರೆಯಬೇಡಿ. ನಡುವೆ ಜಫೆರಾನಾದಲ್ಲಿ ಜೇನಿನ ರುಚಿ ತೋರಿಸಲು ನಿಲ್ಲಿಸುವುದುಂಟು. ಜೇನು ಚೆನ್ನಾಗಿರುತ್ತದೆ, ಆದರೆ ಅದಕ್ಕೆ ಹೋಗುವ ಮುಕ್ಕಾಲು ಗಂಟೆ ರಂಗಮಂದಿರದ ಲೆಕ್ಕದಿಂದಲೇ ಕಳೆಯುತ್ತದೆ. ಈ ದಿನದಲ್ಲಿ ಅಪಾಯ ಕಡಿಮೆ, ಮಗನಿಗೆ ನಿರಾಸೆ ಹೆಚ್ಚು.

ನಿಮಗೆ ನಾಲ್ಕು ರಾತ್ರಿ ಇರುವುದರಿಂದ ನಾನು ಹೇಳುವುದು ಎರಡಾಗಿ ಒಡೆಯಿರಿ ಎಂದೇ. ಒಂದು ದಿನ ಬೆಟ್ಟ ಮತ್ತು ಗುಹೆ ಮಾತ್ರ. ನೀವೂ ಮಗನೂ ಗೈಡ್ ಜೊತೆ 2,900ಕ್ಕೆ ಹೋಗಿ, ಅತ್ತೆ ಸೊಸೆ ಸಪಿಯೆನ್ಸಾದಲ್ಲಿ ಕುಳಿ ಸುತ್ತಿ, ಹೋಟೆಲಿನ ಬೆಚ್ಚಗಿನ ಕೋಣೆಯಲ್ಲಿ ಕೂರಲಿ. ಹೆದರುತ್ತಿರುವವರನ್ನು ಮೇಲಕ್ಕೆ ಎಳೆದುಕೊಂಡು ಹೋಗುವ ಅಗತ್ಯವೂ ಆಗ ಇರುವುದಿಲ್ಲ. ಇನ್ನೊಂದು ದಿನ ಕಟಾನಿಯಾದಿಂದ ರೈಲಿನಲ್ಲಿ ತಾವೋರ್ಮಿನಾ-ಜಾರ್ದೀನಿ ನಿಲ್ದಾಣಕ್ಕೆ ಹೋಗಿ. ಹೆಚ್ಚೆಂದರೆ ಒಂದು ಗಂಟೆಯ ದಾರಿ, ನಿಲ್ದಾಣದಿಂದ ಮೇಲಕ್ಕೆ ಬಸ್ಸಿದೆ. ಖರ್ಚು ಸ್ವಲ್ಪ ಏರುತ್ತದೆ, ಎರಡೂ ಕಡೆ ಅವಸರ ತಪ್ಪುತ್ತದೆ. ಮಧ್ಯದ ದಾರಿಯೂ ಇದೆ: ಎಲ್ಲರೂ ಕೇಬಲ್ ಕಾರ್‌ನಲ್ಲಿ 2,500ರವರೆಗೆ ಹೋಗಿ ಬಂದು, ಗುಹೆ ಬಿಟ್ಟು, ಸಂಜೆ ಕಟಾನಿಯಾದ ರೋಮನ್ ರಂಗಮಂದಿರ ನೋಡುವುದು. ಆದರೆ ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲುತ್ತದೆ, ಆ ದಿನಕ್ಕೆ ಬೇರೇನೂ ಉಳಿಯುವುದಿಲ್ಲ.

ಬುಕ್ ಮಾಡುವ ಮುನ್ನ ಬರೆದು ಕೇಳಿ: ಗರಿಷ್ಠ ಎತ್ತರ ಎಷ್ಟು? ಕೇಬಲ್ ಕಾರ್ ಟಿಕೆಟ್ ಸೇರಿದೆಯೇ? ಬಹುತೇಕ ಸೇರಿರುವುದಿಲ್ಲ, ಹೋಗಿ ಬರಲು ಒಬ್ಬರಿಗೆ 50 ಯೂರೊ ಆಸುಪಾಸು ಪ್ರತ್ಯೇಕ. ಜೊತೆಗೆ ಬರುವವರು ಪರವಾನಗಿ ಇರುವ ಆಲ್ಪೈನ್ ಅಥವಾ ಜ್ವಾಲಾಮುಖಿ ಗೈಡ್ ಹೌದೇ, ಅಥವಾ ವಿವರಣೆ ಕೊಡುವ ಡ್ರೈವರೇ? ಗಾಳಿಗೋ ಆದೇಶಕ್ಕೋ ಮೇಲಿನ ಹಾದಿ ಮುಚ್ಚಿದರೆ ಹಣ ವಾಪಸೇ, ಬದಲಿ ಹಾದಿಯೇ? ಬೂಟು, ಜಾಕೆಟ್, ಹೆಲ್ಮೆಟ್ ಅವರೇ ಕೊಡುತ್ತಾರೆಯೇ? ಹೆಚ್ಚಿನವರು ಕೊಡುತ್ತಾರೆ, ಕಾಲಿನ ಅಳತೆ ಮೊದಲೇ ತಿಳಿಸಬೇಕು.

ಒಯ್ಯಬೇಕಾದ್ದು ಹೆಚ್ಚೇನಿಲ್ಲ. ಕಾಲಿನ ಗಿಣ್ಣು ಮುಚ್ಚುವ ಬೂಟು, ದಪ್ಪ ಕಾಲ್ಚೀಲ, ಗಾಳಿ ತಡೆಯುವ ಜಾಕೆಟ್, ಟೋಪಿ, ಕೈಗವಸು, ಒಬ್ಬರಿಗೆ ಒಂದೂವರೆ ಲೀಟರ್ ನೀರು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂದು ಕನ್ನಡಕ ಹಾಕಲಿ, ಲೆನ್ಸಿನ ಕೆಳಗೆ ಸೇರಿದ ಬೂದಿ ಕಣ್ಣು ಗೀಚುತ್ತದೆ. ಸಮುದ್ರದಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಯೋಚನೆ ಇದ್ದರೆ ಎಟ್ನಾ ಮುಗಿಸಿದ ಮೇಲೆ ಇಟ್ಟುಕೊಳ್ಳಿ. ಡೈವ್ ಮಾಡಿ 24 ಗಂಟೆಯೊಳಗೆ ಈ ಎತ್ತರಕ್ಕೆ ಏರುವುದು ಅಪಾಯ.

ಬೆಟ್ಟದ ದಿನವನ್ನು ಮೊದಲ ಅಥವಾ ಎರಡನೇ ದಿನವೇ ಇಟ್ಟುಕೊಳ್ಳಿ, ಗಾಳಿಯಿಂದ ಕೆಟ್ಟರೆ ಮುಂದೂಡಲು ಜಾಗವಿರುತ್ತದೆ. ಬೆಳಗಿನ ಹೊತ್ತನ್ನೇ ಆರಿಸಿ, ಮಧ್ಯಾಹ್ನದ ಹೊತ್ತಿಗೆ ಮೋಡ ಮುಚ್ಚುವುದು ಮಾಮೂಲು. ಬೂದಿ ಬಿದ್ದರೆ ಕಟಾನಿಯಾ ವಿಮಾನ ನಿಲ್ದಾಣ ಕೆಲವು ತಾಸು ಮುಚ್ಚುವುದುಂಟು, ಆದ್ದರಿಂದ ವಾಪಸಾಗುವಾಗ ಅಲ್ಲಿಂದ ಹಿಡಿಯುವ ವಿಮಾನಕ್ಕೂ ಮುಂದಿನ ವಿಮಾನಕ್ಕೂ ನಡುವೆ ಎರಡು ತಾಸಿನ ಅಂತರವನ್ನು ನಂಬಬೇಡಿ.